ರಿಪೇರಿಯವಳ ಸವಾರಿ

ದೊಡ್ಡ ನೀರಿನ ನಡುವೆ ಒಂದು ಚಿಕ್ಕ ನೆಲವಿತ್ತಂತೆ. ಆ ನೆಲದ ಮೇಲೆ ಮೋಟಾರು ಕಾಲಿಡಕೂಡದೆಂದು ಮುತ್ತಜ್ಜಂದಿರು ಆಣೆ ಹಾಕಿದ್ದರಂತೆ. ಹಾಗಾಗಿ ಅಲ್ಲಿ ಬದುಕಿದ್ದವು ಎರಡೇ ಜಾತಿ: ಹುಲ್ಲು ತಿನ್ನುವ ಕುದುರೆ, ಎಣ್ಣೆ ಕುಡಿಯುವ ಸೈಕಲ್ಲು. ನೆಲದ ನಡುವೆ ಒಂದು ಗುಡ್ಡ, ಗುಡ್ಡದ ಮೈಮೇಲೆ ಬಿಚ್ಚಿಬಿದ್ದ ರಿಬ್ಬನ್ನಿನಂಥ ಒಂದು ರಸ್ತೆ, ರಸ್ತೆಯ ತುದಿಗೆ ದೋಣಿಕಟ್ಟೆ, ಅದರಾಚೆ ಹ್ಯೂರಾನ್ ಸರೋವರದ ತಣ್ಣನೆಯ ನೀರು. ಇಳಿಯುವವರು ನಿಲ್ಲಬೇಕಾದ ಕಡೆ ನಿಲ್ಲದಿದ್ದರೆ ನಿಲ್ಲಿಸಲು ಮುಂದೆ ಏನೂ ಇರಲಿಲ್ಲ. ಅದಕ್ಕೇ ಆ ಮುತ್ತಜ್ಜಂದಿರು ಇನ್ನೊಂದು ಕಟ್ಟಳೆಯನ್ನೂ ಮಾಡಿದ್ದರು. ಯಾರು ಬ್ರೇಕು ಸರಿಮಾಡುತ್ತಾರೋ ಅವರೇ ಮೊದಲು ಆ ಸೈಕಲ್ಲಿನಲ್ಲಿ ಗುಡ್ಡ ಇಳಿಯಬೇಕು. ಒಡೆಯನ ಕುತ್ತಿಗೆಗಿಂತ ಮೊದಲು ರಿಪೇರಿಯವನ ಕುತ್ತಿಗೆ. ಅದಕ್ಕೆ ದ್ವೀಪದವರು 'ರಿಪೇರಿಯವನ ಸವಾರಿ' ಎನ್ನುತ್ತಿದ್ದರು. ಸವಾರಿಯಾಗದ ಬ್ರೇಕನ್ನು ಬ್ರೇಕೆಂದು ಯಾರೂ ಒಪ್ಪುತ್ತಿರಲಿಲ್ಲ.

ತಲೆಮಾರುಗಳ ಕಾಲ ಹಾಗೇ ನಡೆದುಬಂತು. ಕಳೆದ ಜೂನ್ ತಿಂಗಳಲ್ಲಿ ಒಬ್ಬಳು ಕಟ್ಟಳೆ ಮುರಿದಳು.

ಮುರಿದವಳು ಮಾರ್ಸೆಲಿನ್ ಗೂಡ್ರೋ, ಎಲ್ಲರ ಬಾಯಲ್ಲಿ ಮಾರ್ಸಿ. ಇಪ್ಪತ್ತನಾಲ್ಕರ ಹುಡುಗಿ, ಚಿಕ್ಕಪ್ಪ ಎವರೆಟ್ಟನ ಸೈಕಲ್ ಶೆಡ್ಡಿನಲ್ಲಿ ಕೆಲಸ. ಅವತ್ತು ಮಿಠಾಯಿ ಮಂದಿ, ಅಂದರೆ ದೋಣಿಯಿಂದಿಳಿದು ಮಿಠಾಯಿ ಕೊಂಡು ಸಂಜೆಯ ದೋಣಿಗೆ ಮರಳುವ ಪ್ರವಾಸಿಗರು, ಬಾಡಿಗೆ ಸೈಕಲ್ಲಿಗಾಗಿ ಬೀದಿಯವರೆಗೂ ಸಾಲು ನಿಂತಿದ್ದರು. ಅದರ ನಡುವೆ ಅಂಚೆಯ ಬರ್ನಿಸ್ ಕ್ಯಾಡಟ್ ತನ್ನ ಹಸಿರು ಸೈಕಲ್ಲು ತಂದು ನಿಲ್ಲಿಸಿದಳು. ಮುಂದಿನ ಚಕ್ರದ ಬ್ರೇಕು ಹಿಡಿದರೆ ಬಿಡುತ್ತಿರಲಿಲ್ಲ. ರಬ್ಬರುಗಳೆರಡೂ ರಿಮ್ಮನ್ನು ಕಚ್ಚಿಕೊಂಡೇ ಇರುತ್ತಿದ್ದವು. ಮಾರ್ಸಿ ನೋಡಿದಳು, ಸಾಲಿನ ಕಡೆ ನೋಡಿದಳು, ಕೇಬಲ್ಲಿನ ನಟ್ಟು ಸಡಿಲಿಸಿ ಒಂದು ಬೆರಳಗಲ ಬಿಟ್ಟು, ರಬ್ಬರುಗಳನ್ನು ಕೈಯಿಂದ ಅಗಲಿಸಿ ಮತ್ತೆ ಬಿಗಿದಳು. ಚಕ್ರ ಗಿರಗಿರನೆ ತಿರುಗಿತು. "ಇಳ್ದು ನೋಡಿದ್ಯೇನೇ?" ಎಂದು ಬರ್ನಿಸ್ ಕೇಳಿದಳು. "ನೋಡ್ದೆ ಅತ್ತೆ," ಎಂದಳು ಮಾರ್ಸಿ.

ಆ ಎರಡು ಮಾತು ಆಡಲು ಹಿಡಿದದ್ದು ಒಂದು ಉಸಿರು. ಅದರ ಭಾರ ನಾಲ್ಕು ತಿಂಗಳಿಂದ ಮಾರ್ಸಿಯ ಎದೆಯ ಮೇಲಿತ್ತು. ಆ ಮಧ್ಯಾಹ್ನವೇ ತುಂಬಿದ ಅಂಚೆಚೀಲದೊಂದಿಗೆ ಗುಡ್ಡ ಇಳಿಯುತ್ತಿದ್ದ ಬರ್ನಿಸ್ ನಿಲ್ಲಲಾಗದೆ, ಕೆಳಗಿನ ತಿರುವಿನಲ್ಲಿ ಹುಲ್ಲು ಹೇರಿ ನಿಂತಿದ್ದ ಬಂಡಿಯ ಗಾಲಿಗೆ ಬಡಿದಳು. ಕಾಲು ಎರಡು ಕಡೆ ಮುರಿಯಿತು. ತಲೆಗೂ ಪೆಟ್ಟಾಗಿ ಆ ಇಳಿತದ ನೆನಪೇ ಅಳಿಸಿಹೋಯಿತು. ಕೇಳಿದವರಿಗೆಲ್ಲ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ನನ್ ಕೈ ಸೋತೋಯ್ತು. ಐವತ್ತೆಂಟಾಯ್ತಲ್ಲ."

ಈಗ ಅಕ್ಟೋಬರಿನ ಕೊನೆಯ ಶನಿವಾರ. ಮಧ್ಯಾಹ್ನ ಒಂದು ಗಂಟೆ. ಎವರೆಟ್ ಆಚೆದಡದ ಊರಿಗೆ ಹೋಗಿದ್ದ. ಶೆಡ್ಡಿನ ಬಾಗಿಲಲ್ಲಿ ಊರುಗೋಲು ಹಿಡಿದು ಬರ್ನಿಸ್ ನಿಂತಿದ್ದಳು.

"ನನ್ ಸೈಕಲ್ಲು ಇಳಿಸು," ಎಂದಳು.

ಹಸಿರು ಸೈಕಲ್ಲು ನಾಲ್ಕು ತಿಂಗಳಿಂದ ಮಾಡಿನ ಕೊಕ್ಕೆಗೆ ನೇತುಬಿದ್ದಿತ್ತು. ಬಾಗಿದ್ದ ಫೋರ್ಕನ್ನು ಎವರೆಟ್ ನೆಟ್ಟಗೆ ಮಾಡಿದ್ದ, ಹೊಸ ರಿಮ್ಮು ಹಾಕಿದ್ದ. ಬ್ರೇಕು ಮಾತ್ರ ಹಾಗೇ ಉಳಿದಿತ್ತು. ಮಾರ್ಸಿ ಅದರ ಹತ್ತಿರ ಸುಳಿಯುತ್ತಲೇ ಇರಲಿಲ್ಲ.

"ಸೋಮವಾರ ಕೊಡ್ತೀನಿ ಅತ್ತೆ. ಚಿಕ್ಕಪ್ಪ ಬಂದ್ಮೇಲೆ..."

"ಸೋಮವಾರಕ್ಕೆ ನಾನು ಅಂಚೆಯವಳಾಗಿರಲ್ಲ. ಮೂರು ಗಂಟೆ ದೋಣಿಗೆ ಚೀಲ ಬರತ್ತೆ. ಅದನ್ನ ನಾನು ಎತ್ಕೊಂಡು ಹೊರಟ್ರೆ ಚಳಿಗಾಲದ ಪಾಳಿ ನಂದು. ಇಲ್ಲಾಂದ್ರೆ ಆಂಬ್ರೋಸನ ಬಂಡಿದು. ಪೋಸ್ಟ್‌ಮಾಸ್ಟ್ರು ಮುಖಕ್ಕೆ ಹೊಡೆದಂಗೆ ಹೇಳಿದಾರೆ." ಬರ್ನಿಸ್ ಒಂದು ಸೇಬಿನ ಪೆಟ್ಟಿಗೆಯನ್ನು ಕಾಲಿನಿಂದ ಎಳೆದುಕೊಂಡು ಅದರ ಮೇಲೆ ಕೂತಳು. "ನಾನಿಲ್ಲೇ ಕೂತಿರ್ತೀನಿ. ನೀನು ಸರಿಮಾಡು. ಸರಿಯಾಗಿ ಮಾಡ್ಕೊಡ್ತೀನಿ ಅಂತ ಮಾತು ಕೊಡು."

"ಕೊಟ್ಟೆ," ಎಂದಳು ಮಾರ್ಸಿ.

ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿದಳು. ಬರ್ನಿಸ್ ಕೋಟಿನ ಜೇಬಿನಿಂದ ಒಂದು ಕೆಂಪು ರಬ್ಬರಿನ ಚೆಂಡು ತೆಗೆದು ಬಲಗೈಯಲ್ಲಿ ಹಿಸುಕತೊಡಗಿದಳು. ಹಿಸುಕು, ಬಿಡು. ಹಿಸುಕು, ಬಿಡು.

"ಏನದು?"

"ಡಾಕ್ಟ್ರು ಕೈ ಹಿಡ್ಸಿ ನೋಡಿದ್ರು. ಹಿಡಿತ ಇಲ್ಲ ಅಂದ್ರು. ದಿನಕ್ಕೆ ಇನ್ನೂರು ಸಲ ಹಿಸುಕ್ತೀನಿ. ನಿದ್ದೆಲೂ ಹಿಸುಕ್ತೀನಂತೆ, ನನ್ ತಂಗಿ ಬೈತಾಳೆ."

ಮಾರ್ಸಿ ಮುಖ ತಿರುಗಿಸಿ ಬ್ರೇಕಿನ ಹಿಡಿಕೆ ಒತ್ತಿದಳು. ಅದು ನೇರ ಹ್ಯಾಂಡಲ್ಲಿಗೇ ಬಂದು ಬಡಿಯಿತು. ಆ ಟಪ್ಪೆಂಬ ಸದ್ದು ಅವಳ ಕಿವಿಗೆ ಗುಂಡಿನಂತೆ ಕೇಳಿಸಿತು. ಬರ್ನಿಸಳಿಗೂ ಕೇಳಿಸಿತೇ? ಚೆಂಡು ಹಿಸುಕುವುದು ನಿಂತಿರಲಿಲ್ಲ.

ಕೆಲಸದಲ್ಲಿ ಮುಳುಗಿದರೆ ಮನಸ್ಸು ಸುಮ್ಮನಿರುತ್ತದೆಂದು ಮಾರ್ಸಿ ಕೇಬಲ್ಲನ್ನು ಬಿಚ್ಚಿದಳು. ಬಿಚ್ಚಿದ ಕೇಬಲ್ಲು ಕವಚದೊಳಗೆ ಬೆಣ್ಣೆಯಲ್ಲಿ ಕೂದಲೆಳೆದಂತೆ ಆಡಿತು. ಅಂದರೆ ತಪ್ಪು ಅಲ್ಲಿಲ್ಲ. ರಿಮ್ಮನ್ನು ತಬ್ಬುವ ಎರಡು ತೋಳುಗಳನ್ನು ಬೆರಳಿನಿಂದ ಒತ್ತಿ ಬಿಟ್ಟಳು. ಕೇಬಲ್ಲಿಲ್ಲದಿದ್ದರೂ ಅವು ಒತ್ತಿದಲ್ಲೇ ನಿಂತವು. ಸ್ಪ್ರಿಂಗು ತಳ್ಳುತ್ತಿತ್ತು, ತೋಳು ಅಲುಗುತ್ತಿರಲಿಲ್ಲ. ರೋಗ ಇದ್ದದ್ದು ತೋಳುಗಳು ತಿರುಗುವ ನಡುಬೋಲ್ಟಿನಲ್ಲಿ. ಜೂನಿನಲ್ಲಿ ಎರಡು ನಿಮಿಷ ಕೊಟ್ಟಿದ್ದರೆ ಆಗಲೇ ಇದು ಕಾಣುತ್ತಿತ್ತು. ಎರಡೇ ನಿಮಿಷ!

ಹೊರಗೆ ಗೊರಸಿನ ಸದ್ದಾಯಿತು. ಬಂಡಿ ನಿಲ್ಲಿಸಿ ಆಂಬ್ರೋಸ್ ಟ್ರೂಡೆಲ್ ಒಳಗೆ ಬಂದ. ಬಾಗಿಲು ತುಂಬುವ ಆಳು. ಒಂದು ಕೈಯಲ್ಲಿ ಅರ್ಧ ತಿಂದ ಮಾಂಸದ ಕಡುಬು.

"ಏನು ಸ್ಪ್ಯಾನರ್ ರಾಣಿ, ಮುಖ ಹರಳೆಣ್ಣೆ ಕುಡಿದಂಗಿದೆ? ಬರ್ನಿಸ್, ನೀನ್ ಇಲ್ಲಿದೀಯಾ! ಚೀಲಕ್ಕೆ ಆಗ್ಲೇ ಬಂಡೀಲಿ ಜಾಗ ಮಾಡಿಟ್ಟಿದೀನಿ ಕಣೇ."

"ಆ ಜಾಗದಲ್ಲಿ ನೀನೇ ಮಲ್ಕೋ," ಎಂದಳು ಬರ್ನಿಸ್.

"ನಿನ್ ಒಳ್ಳೇದಕ್ಕೇ ಹೇಳೋದು. ಹಿಮ ಬೀಳತ್ತೆ, ಕಾಲು ಬೇರೆ ಹಂಗಿದೆ. ನನ್ ಕುದುರೆಗೆ ನಾಲ್ಕು ಕಾಲಿದೆ, ಒಂದು ಮುರಿದ್ರೂ ಮೂರಿರತ್ತೆ."

"ನಿನ್ ಕುದುರೆಗೆ ಬುದ್ಧಿ ಇದೆ. ಅದಕ್ಕೇ ಅದು ನಿನ್ ಜೊತೆ ಮಾತಾಡಲ್ಲ."

ಆಂಬ್ರೋಸ್ ಗಹಗಹಿಸಿ ನಕ್ಕು ಬಾಗಿಲಿಗೊರಗಿದ. ಹೋಗುವ ಲಕ್ಷಣ ಕಾಣಲಿಲ್ಲ. ಈ ಮನುಷ್ಯನ ಕಿವಿಗೆ ಬಿದ್ದದ್ದು ದೀಪ ಹಚ್ಚುವ ಹೊತ್ತಿಗೆ ದ್ವೀಪದ ಪ್ರತಿ ಅಡುಗೆಮನೆಯನ್ನೂ ತಲುಪುತ್ತದೆಂದು ಮಾರ್ಸಿಗೆ ಗೊತ್ತಿತ್ತು.

ಅವಳು ಫೋರ್ಕಿನ ಹಿಂದಿನ ನಟ್ಟು ಬಿಚ್ಚಿ ಇಡೀ ಬ್ರೇಕನ್ನು ಹೊರತೆಗೆದು ಮೇಜಿನಂಚಿನ ಕಬ್ಬಿಣದ ಹಿಡಿಕಟ್ಟಿಗೆ ಕಚ್ಚಿಸಿದಳು. ಮುಂದಿನ ಎರಡು ನಟ್ಟುಗಳು ಬಂದವು. ತೋಳುಗಳು ಬರಲಿಲ್ಲ. ಮರದ ಸುತ್ತಿಗೆಯಿಂದ ತಟ್ಟಿದಳು, ಸೀಮೆಎಣ್ಣೆ ಬಿಟ್ಟಳು, ಕಾದಳು, ಮತ್ತೆ ತಟ್ಟಿದಳು. ಗೋಡೆಯ ಗಡಿಯಾರ ಒಂದೂಮುಕ್ಕಾಲು ತೋರಿಸುತ್ತಿತ್ತು. ನಾಲ್ಕನೆಯ ಪೆಟ್ಟಿಗೆ ಮೊದಲ ತೋಳು ಕಿತ್ತುಕೊಂಡು ಬಂತು. ಬೋಲ್ಟು ತೂರುವ ಅದರ ಕಣ್ಣಿನ ತುಂಬ ಕಂದು ಬಣ್ಣದ ಅರಗಿನಂಥದು ಮೆತ್ತಿಕೊಂಡಿತ್ತು. ದೂಳು ಕುಡಿದು, ಲದ್ದಿಪುಡಿ ಕುಡಿದು ಕಲ್ಲಾಗಿತ್ತು. ಮಾರ್ಸಿ ಉಗುರಿನಿಂದ ಕೆರೆದು ಮೂಸಿದಳು. ದೇವದಾರಿನ ಅಂಟು, ಕುರಿಕೊಬ್ಬು, ಮೀನೆಣ್ಣೆ.

"ಇದು ಸೈಕಲ್ಲಿಗೆ ಹಾಕೋದಲ್ಲವಲ್ಲ," ಎಂದಳು ತನಗೆ ತಾನೇ.

"ಕೊಡಿಲ್ಲಿ." ಬರ್ನಿಸ್ ಕೈಚಾಚಿ ತೋಳನ್ನು ಈಸಿಕೊಂಡು ಮೂಗಿಗೆ ಹಿಡಿದಳು. ಚೆಂಡು ಹಿಸುಕುತ್ತಿದ್ದ ಕೈ ನಿಂತಿತು. "ಇದು ಗೊರಸಿನ ಮುಲಾಮು."

"ಎಲ್ಲಿಂದ ಬಂತು?"

"ನಾನೇ ಹಚ್ಚಿದ್ದು. ವರ್ಷಾ ವರ್ಷಾ ಲಾಳ ಕಟ್ಟೋರ ಹತ್ರ ಒಂದ್ ಡಬ್ಬಿ ಈಸ್ಕೊಂಡು ಎಲ್ಲಾ ಕೀಲಿಗೂ ಹಚ್ತಿದ್ದೆ. ಮಳೇಲಿ ನೆನೆದ್ರೂ ಗೊರಸು ಒಡೆಯಲ್ವಲ್ಲ, ಹಂಗೇ ಇದಕ್ಕೂ ತುಕ್ಕು ಹಿಡಿಯಲ್ಲ ಅಂತ..."

ಆಂಬ್ರೋಸನ ನಗು ಮಾಡಿಗೆ ತಾಗಿತು. "ಗೊರಸಿಗೆ ಹಚ್ಚೋದನ್ನ ಬ್ರೇಕಿಗೆ ಹಚ್ಚಿದ್ಯಾ! ನಾಳೆ ನನ್ ಕುದುರೆ ಕಾಲಿಗೆ ಟ್ಯೂಬು ಹಾಕ್ಸು, ಗಾಳಿ ಹೊಡಿ! ಹಚ್ಚಿದಾಗ ಬೆಣ್ಣೆ, ಒಣಗಿದ್ರೆ ಗೋಂದು ಕಣೇ ಅದು. ಅಯ್ಯೋ ದೇವ್ರೇ. ನಿನ್ ಕಾಲು ನೀನೇ ಮುರ್ಕೊಂಡಂಗಾಯ್ತಲ್ಲೇ!"

ಬರ್ನಿಸ್ ನಗಲಿಲ್ಲ. ಕೈಯಲ್ಲಿದ್ದ ಕಬ್ಬಿಣದ ತುಂಡನ್ನೇ ನೋಡುತ್ತ ಕೂತಳು. ಮುಖದ ಬಣ್ಣ ಇಳಿದುಹೋಯಿತು. "ಹೌದಲ್ಲ," ಎಂದಳು ಮೆಲ್ಲಗೆ. "ನಾನೇ ಮಾಡ್ಕೊಂಡಿದ್ದು."

ಅಲ್ಲಿ, ಆ ಶೆಡ್ಡಿನಲ್ಲಿ, ಮಾರ್ಸಿಯ ಮುಂದೆ ಒಂದು ಬಾಗಿಲು ತಾನಾಗಿ ತೆರೆದುಕೊಂಡಿತು. ಅವಳು ಸುಳ್ಳು ಹೇಳಬೇಕಿರಲಿಲ್ಲ, ಬರಿದೆ ಸುಮ್ಮನಿದ್ದರೆ ಸಾಕಿತ್ತು. ತಪ್ಪು ತನ್ನದೆಂದು ಬರ್ನಿಸ್ಸೇ ಒಪ್ಪಿಕೊಂಡಾಗಿತ್ತು. ಸಾಕ್ಷಿ ಬಾಗಿಲಿಗೊರಗಿ ಕಡುಬು ತಿನ್ನುತ್ತಿತ್ತು. ನಾಲ್ಕು ತಿಂಗಳ ಭಾರ ಹೂವಿನಂತೆ ಕೆಳಗಿಳಿದು ಇನ್ನೊಬ್ಬಳ ಹೆಗಲೇರುತ್ತಿತ್ತು. ಮಾರ್ಸಿ ಎರಡನೆಯ ತೋಳನ್ನೂ ಬಿಡಿಸಿ ನಡುಬೋಲ್ಟನ್ನು ತಂತಿಬ್ರಷ್ಷಿನಿಂದ ಉಜ್ಜತೊಡಗಿದಳು. ಉಜ್ಜಿದಳು. ಉಜ್ಜಿದಳು. ಬೋಲ್ಟು ಬೆಳ್ಳಗಾಗುತ್ತ ಬಂತು.

ಬರ್ನಿಸ್ ಆ ಕೆಂಪು ಚೆಂಡನ್ನು ಜೇಬಿಗೆ ಹಾಕಿಕೊಂಡಳು. ಇನ್ನು ಅದರಿಂದೇನು ಎಂಬಂತೆ.

"ಅತ್ತೆ," ಎಂದಳು ಮಾರ್ಸಿ. ಬ್ರಷ್ಷು ಕೆಳಗಿಟ್ಟಳು. "ಮುಲಾಮಿಂದ ಬ್ರೇಕು ಅಂಟ್ಕೊಂತು, ನಿಜ. ಆದ್ರೆ ಅಂಟ್ಕೊಂಡಿರೋ ಬ್ರೇಕು ಯಾರನ್ನೂ ಬೀಳ್ಸಲ್ಲ, ನಿಧಾನ ಮಾಡತ್ತೆ ಅಷ್ಟೆ. ಬೀಳ್ಸಿದ್ದು ನಾನು."

"ಏನಂದೆ?"

"ಜೂನಲ್ಲಿ ನಾನು ಇದನ್ನ ಬಿಚ್ಚಲೇ ಇಲ್ಲ. ಕೇಬಲ್ ಸಡಿಲ ಬಿಟ್ಟೆ. ಚಕ್ರ ತಿರುಗ್ತು, ಕೊಟ್ಟುಬಿಟ್ಟೆ. ಸಡಿಲ ಕೇಬಲ್ಲಲ್ಲಿ ಯಾವ ಕೈ ಹಿಸುಕಿದ್ರೂ ಬ್ರೇಕು ಹತ್ತಲ್ಲ. ಗುಡ್ಡ ಇಳಿದು ನೋಡ್ದೆ ಅಂತ ಹೇಳಿದ್ದೂ ಸುಳ್ಳು."

ಆಂಬ್ರೋಸನ ಬಾಯಿ ಅಗಿಯುವುದನ್ನು ನಿಲ್ಲಿಸಿತು.

ಬರ್ನಿಸ್ ಎದ್ದು ನಿಂತಳು. ಎರಡು ಹೆಜ್ಜೆ ಇಟ್ಟು ಮಾರ್ಸಿಯ ಮುಂದೆ ಬಂದಳು. ಹೊಡೆಯುತ್ತಾಳೆ ಎಂದುಕೊಂಡಳು ಮಾರ್ಸಿ. ಹೊಡೆಯಲಿ ಎಂದೂ ಅಂದುಕೊಂಡಳು.

"ನನ್ ಕೈ ಮುದಿಯಾಗಿಲ್ಲ," ಎಂದಳು ಬರ್ನಿಸ್. ಪ್ರತಿ ಮಾತನ್ನೂ ಬಿಡಿಬಿಡಿಯಾಗಿ ನೆಲಕ್ಕಿಟ್ಟಂತೆ. "ಇದನ್ನ ಹೇಳೋಕೆ ನಿಂಗೆ ನಾಲ್ಕು ತಿಂಗ್ಳು ಬೇಕಾಯ್ತಾ? ಕಾಲು ಮುರಿದಿದ್ದು ಬಿಡು, ಮೂಳೆ ಕೂಡ್ಕೊಳತ್ತೆ. ಬಾಟ್ಲಿ ಮುಚ್ಚಳ ತೆಗೆಯೋವಾಗ್ಲೂ ಇನ್ನೊಬ್ರ ಕೈಗೆ ಕೊಡ್ತಿದ್ದೆ ಕಣೇ. ನನ್ ಮೇಲೆ ನಂಗೇ ನಂಬಿಕೆ ಹೋಗಿತ್ತು."

ಕ್ಷಮಿಸಿ ಎನ್ನಬೇಕೆಂದುಕೊಂಡಳು ಮಾರ್ಸಿ. ಅಷ್ಟು ಚಿಕ್ಕ ಮಾತನ್ನು ಅಷ್ಟು ದೊಡ್ಡ ನೋವಿನ ಮುಂದೆ ಇಡುವುದು ಹೇಗೆ?

"ಬಾ ಬರ್ನಿಸ್," ಎಂದ ಆಂಬ್ರೋಸ್. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಇವಳ ಕೈಲಿ ಇನ್ನೊಂದ್ಸಲ ಕೊಡ್ಬೇಡ. ಚೀಲ ನಾನ್ ಹೊರ್ತೀನಿ. ಚಳಿಗಾಲ ಕಳೀಲಿ."

ಬರ್ನಿಸ್ ಗಡಿಯಾರ ನೋಡಿದಳು. ಎರಡೂಕಾಲು. "ಮಾತು ಕೊಟ್ಟಿದಾಳೆ, ಮುಗಿಸ್ಲಿ," ಎಂದಳು. ಮಾರ್ಸಿಯ ಕಡೆ ತಿರುಗಿದಳು. "ಮುಗಿಸಿ ಗುಡ್ಡದ ಮೇಲಕ್ಕೆ ಹೋಗು. ಇಳಿದು ಬಾ. ಹಿಂದಿನ ಬ್ರೇಕು ಮುಟ್ಬೇಡ, ಅದು ಹೆಸರಿಗೆ ಮಾತ್ರ. ನಾನು ಬಿದ್ದ ಜಾಗದಲ್ಲೇ, ರಸ್ತೆ ಮಧ್ಯದಲ್ಲಿ ನಾನು ನಿಂತಿರ್ತೀನಿ."

"ಅತ್ತೆ, ಬೇಡ! ಪಕ್ಕದಲ್ಲಿ ನಿಂತ್ಕೊಳಿ."

"ಯಾಕೆ? ಕೆಲಸ ಸರಿಯಾಗಿ ಮಾಡಿದ್ರೆ ನಾನ್ಯಾಕೆ ಪಕ್ಕಕ್ಕೆ ಸರೀಬೇಕು?"

ಊರುಗೋಲಿನ ಸದ್ದು ರಸ್ತೆಯಲ್ಲಿ ದೂರವಾಯಿತು. ಆಂಬ್ರೋಸ್ ತಲೆ ಕೊಡವುತ್ತ ಅವಳ ಹಿಂದೆ ಹೋದ.

ಒಬ್ಬಳೇ ಉಳಿದ ಮಾರ್ಸಿ ಎರಡೂ ಕೈಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡಳು. ಬೋಲ್ಟಿಗೆ ತೆಳು ಎಣ್ಣೆಯ ಒಂದೇ ಹನಿ. ತೋಳು, ವಾಷರು, ತೋಳು, ಸ್ಪ್ರಿಂಗು. ಮೊದಲ ನಟ್ಟನ್ನು ಅಲುಗಾಟ ನಿಲ್ಲುವಷ್ಟು ಬಿಗಿದು ಕಾಲುಸುತ್ತು ಹಿಂದೆ ಬಿಟ್ಟಳು. ಎರಡನೆಯದನ್ನು ಅದರ ಬೆನ್ನಿಗೆ ಬೀಗದಂತೆ ಕೂರಿಸಿದಳು. ಗಾಜಿನಂತೆ ಹೊಳೆಯುತ್ತಿದ್ದ ರಬ್ಬರುಗಳ ಮುಖವನ್ನು ಮರಳುಕಾಗದದಿಂದ ತಿಕ್ಕಿದಳು. ಬ್ರೇಕನ್ನು ಫೋರ್ಕಿಗೆ ಸೇರಿಸಿ, ಕೇಬಲ್ಲು ಎಳೆದು ನಟ್ಟು ಬಿಗಿದಳು. ಹಿಡಿಕೆ ಒತ್ತಿದರೆ ರಬ್ಬರುಗಳು ಗಬಕ್ಕನೆ ಕಚ್ಚಿದವು. ಬಿಟ್ಟರೆ ಚಿಮ್ಮಿ ಸರಿದವು. ಗಡಿಯಾರದಲ್ಲಿ ಎರಡೂಮುಕ್ಕಾಲು. ಆಯಿತು.

ಸೈಕಲ್ಲನ್ನು ಬಾಗಿಲವರೆಗೆ ತಳ್ಳಿದಳು. ಅಲ್ಲಿಂದ ರಸ್ತೆಯ ತಿರುವು ಕಾಣುತ್ತಿತ್ತು. ನಡುರಸ್ತೆಯಲ್ಲಿ ನೀಲಿ ಕೋಟಿನ ಒಂದು ಚಿಕ್ಕ ಆಕಾರ, ನೆಟ್ಟ ಗೂಟದಂತೆ ನಿಂತಿತ್ತು. ಗಾಳಿಗೆ ಕೋಟಿನ ಅಂಚು ಹಾರುತ್ತಿತ್ತು.

ಮಾರ್ಸಿ ನಿಂತಳು. ಆಯಿತು ಎಂದು ಜೂನಿನಲ್ಲೂ ಅನ್ನಿಸಿತ್ತು.

ಹಿಂದಕ್ಕೆ ತಳ್ಳಿಕೊಂಡು ಬಂದಳು. ಸ್ಟ್ಯಾಂಡಿಗೆ ಏರಿಸಿ, ಹಿಡಿಕೆಯನ್ನು ಎರಡೂ ಕೈಯಿಂದ, ಪ್ರಾಣ ಹೋಗುವವಳು ಹಿಸುಕುವಂತೆ ಹಿಸುಕಿದಳು. ಒಂದು, ಎರಡು, ಮೂರು. ಏಳನೆಯ ಸಲಕ್ಕೆ ಹಿಡಿಕೆ ಕೂದಲೆಳೆಯಷ್ಟು ಹೆಚ್ಚು ಒಳಗೆ ಹೋಯಿತು. ಹತ್ತನೆಯದಕ್ಕೆ ಇನ್ನಷ್ಟು. ಬಗ್ಗಿ ದೀಪ ಹಿಡಿದು ನೋಡಿದರೆ ನಟ್ಟಿನಡಿಯಲ್ಲಿ ಕೇಬಲ್ಲು ಜಾರುತ್ತಿತ್ತು. ಹಿಂದೆ ಯಾವಾಗಲೋ ಬಿಗಿದು ಚಪ್ಪಟೆಯಾದ ಹಳೆಯ ಜಾಗದಲ್ಲೇ ಇವಳು ಮತ್ತೆ ಬಿಗಿದಿದ್ದಳು. ಅಲ್ಲಿ ನಾಲ್ಕು ಎಳೆ ಹರಿದಿತ್ತು.

ನೀಲಿ ಕೋಟು ಕಣ್ಣ ಮುಂದೆ ಬಂತು. ದೋಣಿಯ ಸೀಟಿ ದೂರದಲ್ಲಿ ಕೂಗಿತು. ಕೂಗಲಿ. ಹಳೆಯ ಕೇಬಲ್ಲನ್ನು ಕಿತ್ತೆಸೆದು ಹೊಸದನ್ನು ಕವಚದೊಳಗೆ ಪೋಣಿಸಿದಳು. ಬೆರಳಿಗೆ ಎಳೆ ಚುಚ್ಚಿ ರಕ್ತ ಬಂತು, ಒರೆಸಿಕೊಳ್ಳಲಿಲ್ಲ. ಬಿಗಿದು ಮತ್ತೆ ಹಿಸುಕಿದಳು. ಇಪ್ಪತ್ತು ಸಲ. ಮೂವತ್ತು. ಹಿಡಿಕೆ ಪ್ರತಿಸಲವೂ ಅದೇ ಜಾಗಕ್ಕೆ ಬಂದು ಕಲ್ಲಿನಂತೆ ನಿಂತಿತು.

ಗುಡ್ಡದ ಮೇಲಕ್ಕೆ ಸೈಕಲ್ಲು ತಳ್ಳಿಕೊಂಡು ಓಡುವಾಗ ಅವಳಿಗೆ ಸಿಕ್ಕವರು ಮುಖ ನೋಡಿ ದಾರಿ ಬಿಟ್ಟರು. ನೆತ್ತಿಯಲ್ಲಿ ತಿರುಗಿ ನಿಂತು ಕೆಳಗೆ ನೋಡಿದಳು. ದೋಣಿ ಕಟ್ಟೆಗೆ ತಾಗಿತ್ತು. ಚೀಲ ಇಳಿಸುತ್ತಿದ್ದರು. ತಿರುವಿನ ಅಂಚಿಗೆ ಆಂಬ್ರೋಸನ ಬಂಡಿ ಬಂದು ನಿಂತಿತ್ತು, ನಾಲ್ಕಾರು ಜನ ಕೂಡಿದ್ದರು. ಅವರೆಲ್ಲ ಪಕ್ಕದಲ್ಲಿದ್ದರು. ನಡುವೆ ಇದ್ದದ್ದು ಒಬ್ಬಳೇ.

ಮಾರ್ಸಿ ಪೆಡಲಿನ ಮೇಲೆ ಕಾಲಿಟ್ಟಳು.

ಮೊದಲ ಇಳಿತ ಮೆಲ್ಲಗಿತ್ತು. ಎರಡನೆಯದರಲ್ಲಿ ಗಾಳಿ ಕಿವಿಯೊಳಗೆ ಹೊಕ್ಕಿತು. ಬೇಲಿಗಳು ಒಂದಕ್ಕೊಂದು ಅಂಟಿ ಬಿಳಿ ಗೆರೆಯಾದವು. ಕಣ್ಣಲ್ಲಿ ನೀರು ಬಂದು ನೀಲಿ ಕೋಟು ಎರಡಾಯಿತು, ಮೂರಾಯಿತು. ಹಿಡಿ, ಹಿಡಿ ಎಂದು ಬೆರಳುಗಳು ಬೇಡಿಕೊಂಡವು. ಈಗಲ್ಲ. ಅರ್ಧದಲ್ಲೇ ಹಿಡಿದರೆ ಅದು ಸವಾರಿಯಲ್ಲ, ಬರ್ನಿಸ್ ಬಿದ್ದಾಗ ಇದ್ದ ವೇಗ ಬರಬೇಕು. ಯಾರೋ ಕಿರುಚಿದರು. ಆಂಬ್ರೋಸ್ ಕೈಚಾಚಿ ಮುಂದೆ ಬಂದ, ಬರ್ನಿಸ್ ಊರುಗೋಲಿನಿಂದ ಅವನನ್ನು ಹಿಂದೆ ತಳ್ಳಿದಳು. ಅವಳ ಕಣ್ಣು ಮಾರ್ಸಿಯ ಮೇಲೇ ಇತ್ತು.

ತಿರುವಿನ ಮೊದಲ ಕಲ್ಲು ದಾಟಿತು. ಮಾರ್ಸಿ ದೇಹವನ್ನೆಲ್ಲ ಹಿಂದಕ್ಕೆಳೆದು ಹಿಡಿಕೆ ಒತ್ತಿದಳು.

ರಬ್ಬರು ರಿಮ್ಮನ್ನು ಕಚ್ಚಿತು. ಇಡೀ ಸೈಕಲ್ಲು ನರಳಿತು. ಹಿಂದಿನ ಚಕ್ರ ನೆಲ ಬಿಟ್ಟು ಹಗುರವಾಯಿತು, ಮತ್ತೆ ನೆಲ ಮುಟ್ಟಿತು. ಸುಟ್ಟ ವಾಸನೆ ಬಂತು. ಬರ್ನಿಸಳ ಕೋಟಿನ ಗುಂಡಿಗಳು ಒಂದೊಂದಾಗಿ ಕಾಣಿಸಿದವು. ಅವಳ ಹಣೆಯ ಹಳೆಯ ಗಾಯದ ಗೆರೆಯೂ ಕಾಣಿಸಿತು. ಆಮೇಲೆ ಎಲ್ಲವೂ ನಿಂತಿತು.

ಮುಂದಿನ ಚಕ್ರಕ್ಕೂ ಬರ್ನಿಸಳ ಬೂಟಿಗೂ ನಡುವೆ ಒಂದು ಗೇಣು ಇತ್ತು.

ಮಾರ್ಸಿ ಇಳಿದು ನಿಂತಳು, ಹ್ಯಾಂಡಲ್ಲನ್ನೇ ಆತುಕೊಂಡಳು.

"ನಿಲ್ಲೋದು ಆಯ್ತು," ಎಂದಳು ಬರ್ನಿಸ್. "ಜೂನಲ್ಲಿ ನಾನು ತಂದಿದ್ದು ನಿಲ್ಲಲ್ಲ ಅಂತ ಅಲ್ಲ, ಹಿಡಿದ್ರೆ ಬಿಡಲ್ಲ ಅಂತ. ಕೈ ತೆಗಿ, ಚೀಲ ನಂಗೆ ಕಾಯ್ತಿದೆ."

ಮಾರ್ಸಿಯ ಬೆರಳುಗಳು ಇನ್ನೂ ಹಿಡಿಕೆಯನ್ನು ಹಿಸುಕಿಕೊಂಡೇ ಇದ್ದವು. ಒಂದೊಂದಾಗಿ ಬಿಡಿಸಿಕೊಂಡಳು. ಬರ್ನಿಸ್ ಊರುಗೋಲನ್ನು ಆಂಬ್ರೋಸನ ಎದೆಗೆ ಒರಗಿಸಿ, ಬಲಗೈಯೊಂದರಿಂದಲೇ ಹ್ಯಾಂಡಲ್ಲು ಹಿಡಿದು ಸೈಕಲ್ಲಿನ ಮೂತಿ ಮೇಲೆತ್ತಿದಳು. ಎಡಗೈಯಿಂದ ಚಕ್ರಕ್ಕೊಂದು ತಟ್ಟು ಕೊಟ್ಟಳು.

ಚಕ್ರ ಸದ್ದಿಲ್ಲದೆ ತಿರುಗಿತು. ತಿರುಗಿತು, ತಿರುಗುತ್ತಲೇ ಇತ್ತು. ವೇಗ ಸೋತ ಮೇಲೂ ಎಲ್ಲೆಂದರಲ್ಲಿ ಸಿಕ್ಕಿಕೊಂಡು ನಿಲ್ಲಲಿಲ್ಲ. ಗಾಳಿ ತುಂಬುವ ವಾಲ್ವಿನ ತುಸು ಭಾರಕ್ಕೆ ತೂಗಿ ಆಚೆ ಹೋಯಿತು, ಈಚೆ ಬಂತು, ಮಲಗಿಸುವ ತೊಟ್ಟಿಲಿನಂತೆ ಆಚೆ, ಈಚೆ. ಬರ್ನಿಸಳ ಕೈ ಒಂದಿಷ್ಟೂ ನಡುಗದೆ ಎತ್ತಿ ಹಿಡಿದೇ ಇತ್ತು. ಕೊನೆಗೆ ವಾಲ್ವು ಕೆಳಗೆ ಬಂದು, ಚಕ್ರ ತನ್ನಷ್ಟಕ್ಕೆ ತಾನು ನಿಂತಿತು.